ಕೋಡ್ ಹೇಳಿದ್ದು ಲೀನ್, ಪ್ಲಗ್ ಹೇಳಿದ್ದು ಬೇರೆ: ಮಾಜಾಳಿಯ ಒಂದು ಹಳೆ ಕಾರಿನ ಪ್ರಕರಣ

ಕಾರು ನನ್ನ ಗ್ಯಾರೇಜಿಗೆ ಬಂದಿದ್ದು ಮಳೆಗಾಲ ಮುಗಿಯುತ್ತಾ ಬಂದಾಗ. 2013ರ ಮಾಡೆಲ್, 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಗಾಡಿ, ಓಡಿದ್ದು 94 ಸಾವಿರ ಕಿಲೋಮೀಟರ್. ಮೊದಲ ನಾಲ್ಕು ವರ್ಷ ಬೆಂಗಳೂರಿನಲ್ಲಿತ್ತು, ಆಮೇಲೆ ಕಾರವಾರದ ಪಕ್ಕದ ಮಾಜಾಳಿಗೆ ಬಂತು. ಮನೆ ಕಡಲಿಗೆ ಎಷ್ಟು ಹತ್ತಿರ ಎಂದರೆ ಗೇಟು ದಾಟಿದರೆ ಮರಳೇ. ಈ ಮಾತು ನೆನಪಿಟ್ಟುಕೊಳ್ಳಿ, ನಾನು ಅದನ್ನು ಮರೆತಿದ್ದಕ್ಕೇ ಅರ್ಧ ದಿನ ಹಾಳಾಯಿತು. ಕಾರಿನ ಕಂಪನಿ ಯಾವುದು ಅಂತ ಹೇಳುವುದಿಲ್ಲ. ಇದೇ ಥರದ ಎಂಜಿನ್ ಎಷ್ಟೋ ಕಂಪನಿಗಳ ಹಳೆ ಸಣ್ಣ ಕಾರುಗಳಲ್ಲಿದೆ.

ಗಾಡಿ ಒಬ್ಬರು ಅಕ್ಕೋರದ್ದು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ತವರು ಶಿರಸಿ ಹತ್ತಿರ, ತಿಂಗಳಿಗೆ ಎರಡು ಸಲವಾದರೂ ಕುಮಟಾ ಮೇಲೆ ದೇವಿಮನೆ ಘಟ್ಟ ಹತ್ತಿ ಹೋಗಿ ಬರುತ್ತಾರೆ.

"ತಮಾ, ಇದು ಎಂತ ಮಾರಾಯ, ನಾಲ್ಕು ತಿಂಗಳಾಯ್ತು, ಈ ಹಳದಿ ದೀಪ ನನ್ನ ಬೆನ್ನು ಬಿಡ್ತಾ ಇಲ್ಲ" ಅಂದರು. ದೀಪ ಅಂದರೆ ಚೆಕ್ ಎಂಜಿನ್ ದೀಪ. ಅದರ ಜೊತೆ ಇನ್ನೂ ಮೂರು ದೂರು. ಮೊದಲು ಲೀಟರಿಗೆ 16 ಕೊಡುತ್ತಿದ್ದ ಎವರೇಜ್ 11ಕ್ಕೆ ಇಳಿದಿದೆ. ನಿಂತಲ್ಲಿ ಗಾಡಿ ಸ್ವಲ್ಪ ಅದುರುತ್ತದೆ. ಬೆಳಿಗ್ಗೆ ಚಾಲೂ ಮಾಡಿದಾಗ ಪೆಟ್ರೋಲ್ ವಾಸನೆ. ಹೋಗುವ ಮೊದಲು ಇನ್ನೊಂದು ಮಾತು ಸೇರಿಸಿದರು, "ಬೆಳಿಗ್ಗೆ ಒಂದೆರಡು ನಿಮಿಷ ಹೊಲಿಗೆ ಮಷಿನ್ ಓಡಿದ ಹಾಗೆ ಕೇಳ್ತದೆ, ಆಮೇಲೆ ನಿಲ್ತದೆ." ನಾನು ತಲೆ ಆಡಿಸಿದೆ, ಟ್ಯಾಪೆಟ್ (ವಾಲ್ವ್ ಕಡೆಯ) ಶಬ್ದ ಇರಬೇಕು ಅಂದುಕೊಂಡೆ, ಕಾಗದದಲ್ಲಿ ಬರೆದುಕೊಳ್ಳಲೂ ಇಲ್ಲ.

ಹಿಂದಿನ ಬಿಲ್ಲುಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದರು. ಎರಡು ಗ್ಯಾರೇಜು ಸುತ್ತಿ ಬಂದ ಗಾಡಿ. ಮೊದಲನೆಯವರು ಮೂರು ಸಲ ಕೋಡ್, ಅಂದರೆ ದೀಪ ಹತ್ತಿದಾಗ ಗಾಡಿ ಬರೆದಿಟ್ಟ ದೋಷದ ನಂಬರು, ಅಳಿಸಿ ಕಳಿಸಿದ್ದಾರೆ, ದೀಪ ಮೂರು ಸಲವೂ ವಾರದೊಳಗೆ ವಾಪಸ್. ಎರಡನೆಯವರು ಕೈ ಬಿಚ್ಚಿ ಕೆಲಸ ಮಾಡಿದ್ದಾರೆ: ಹೊಸ ಆಕ್ಸಿಜನ್ ಸೆನ್ಸರ್ 3,800, ನಾಲ್ಕು ಪ್ಲಗ್ 1,200, ಥ್ರಾಟಲ್ ಬಾಡಿ ತೊಳೆದಿದ್ದು 800, ಏರ್‌ಫ್ಲೋ ಸೆನ್ಸರ್ ತೊಳೆದಿದ್ದು 600. ಇಷ್ಟಾದರೂ ದೀಪ ಹೋಗದಿದ್ದಾಗ, ಇನ್ನು ಪೆಟ್ರೋಲ್ ಪಂಪ್ ಹಾಕಲೇಬೇಕು, ಏಳು ಸಾವಿರ ಆಗುತ್ತದೆ ಅಂದರಂತೆ. ಅಲ್ಲಿಗೆ ಅಕ್ಕೋರು ಕೈಮುಗಿದು ಗಾಡಿ ತಂದುಬಿಟ್ಟಿದ್ದಾರೆ.

ಬಿಲ್ಲಿನ ಕೊನೆಯ ಸಾಲು ಓದಿ ನನಗೆ ನಗು ತಡೆಯಲಿಲ್ಲ. ಒಳಗೆ ಹೋಗುವ ಗಾಳಿ ಎಷ್ಟು ಅಂತ ಅಳೆಯುವ ಏರ್‌ಫ್ಲೋ ಸೆನ್ಸರೇ ಈ ಕಾರಿನಲ್ಲಿ ಇಲ್ಲ. ಇರುವುದು ಮ್ಯಾಪ್ ಸೆನ್ಸರ್, ಅಂದರೆ ಎಂಜಿನ್ನಿನ ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡಿನಲ್ಲಿ ಒತ್ತಡ ಎಷ್ಟಿದೆ ಅಂತ ಅಳೆಯುವ ಸೆನ್ಸರ್. ಇಲ್ಲದ ಸಾಮಾನನ್ನು ಆರುನೂರಕ್ಕೆ ತೊಳೆದಿದ್ದಾರೆ. ನಗು ಬಂದರೂ, ಇದೇ ವ್ಯತ್ಯಾಸದಲ್ಲಿ ನಾನೂ ಮುಂದೆ ಎಡವಿದೆ.

ಸ್ಕ್ಯಾನರ್ ಹಾಕಿದೆ. ಪಿ0171, ಬ್ಯಾಂಕ್ ಒಂದರಲ್ಲಿ ಮಿಶ್ರಣ ಲೀನ್. ಲೀನ್ ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಬ್ಯಾಂಕ್ ಅಂದರೆ ಸಿಲಿಂಡರ್‌ಗಳ ಸಾಲು. ನಾಲ್ಕು ಸಿಲಿಂಡರ್ ಸಾಲಾಗಿ ನಿಂತ ಎಂಜಿನ್ನಿಗೆ ಬ್ಯಾಂಕ್ ಒಂದೇ, ಎರಡನೇ ಬ್ಯಾಂಕಿನ ಪಿ0174 ಬರುವುದು ವಿ ಆಕಾರದ ದೊಡ್ಡ ಎಂಜಿನ್‌ಗಳಿಗೆ.

ಈ ಕೋಡ್ ಹೇಗೆ ಬೀಳುತ್ತದೆ ಅಂತ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ, ಇಲ್ಲದಿದ್ದರೆ ಆಮೇಲೆ ಬರುವ ಅಂಕಿಗಳು ತಲೆಗೆ ಹೋಗುವುದಿಲ್ಲ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದರ ಹತ್ತಿರ ಒಂದು ಲೆಕ್ಕ ಇರುತ್ತದೆ, ಇಷ್ಟು ಗಾಳಿ ಬಂದರೆ ಇಷ್ಟು ಪೆಟ್ರೋಲ್ ಅಂತ. ಸುಟ್ಟ ಹೊಗೆಯಲ್ಲಿ ಆಕ್ಸಿಜನ್ ಉಳಿದಿದೆಯಾ ಅಂತ ಸೈಲೆನ್ಸರ್ ಕಡೆ ಕೂತ ಆಕ್ಸಿಜನ್ ಸೆನ್ಸರ್ ನೋಡಿ ಹೇಳುತ್ತದೆ. ಉಳಿದಿದ್ದರೆ ಪೆಟ್ರೋಲ್ ಕಡಿಮೆಯಾಯಿತು ಅಂತ ಇಸಿಯು ಇನ್ನೊಂದಿಷ್ಟು ಹಾಕುತ್ತದೆ. ಹೀಗೆ ಲೆಕ್ಕದ ಮೇಲೆ ಹಾಕಿದ್ದು, ತೆಗೆದಿದ್ದು ಎಷ್ಟು ಶೇಕಡಾ ಅನ್ನುವುದೇ ಫ್ಯುಯೆಲ್ ಟ್ರಿಮ್. ಆ ಕ್ಷಣದ್ದು ಶಾರ್ಟ್ ಟರ್ಮ್, ರೂಢಿಯಾಗಿ ಕೂತಿದ್ದು ಲಾಂಗ್ ಟರ್ಮ್. ಸೊನ್ನೆಯ ಆಚೆ ಈಚೆ ಐದು ಇದ್ದರೆ ಆರೋಗ್ಯ, ಹಳೆ ಗಾಡಿಗೆ ಹತ್ತರವರೆಗೂ ಅಡ್ಡಿ ಇಲ್ಲ. ಪ್ಲಸ್ ಇಪ್ಪತ್ತು, ಇಪ್ಪತ್ತೈದರ ಹತ್ತಿರ ಹೋಗಿ ಎರಡು ಸಲದ ಓಡಾಟದಲ್ಲೂ ಅಲ್ಲೇ ಕೂತರೆ ಇಸಿಯು ದೀಪ ಹಚ್ಚುತ್ತದೆ.

ಅಂದರೆ ಕೋಡ್ ಎಂಜಿನ್ನಿನ ಮಾತಲ್ಲ. ಸೆನ್ಸರ್ ಕಂಡಿದ್ದರ ಮೇಲೆ ಇಸಿಯು ಬರೆದ ದೂರು ಅಷ್ಟೇ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಅವತ್ತು ತಲೆಗೆ ಬರಲಿಲ್ಲ.

ಫ್ರೀಜ್ ಫ್ರೇಮ್ ತೆಗೆದು ನೋಡಿದೆ. ಕೋಡ್ ಬಿದ್ದ ಕ್ಷಣದ ಫೋಟೋ ಇದ್ದ ಹಾಗೆ ಅದು, ಕೋಡ್ ಅಳಿಸಿದರೆ ಅದೂ ಹೋಗುತ್ತದೆ, ಅದಕ್ಕೇ ಮೊದಲು ನೋಡದೆ ಅಳಿಸಬಾರದು. ಎಂಜಿನ್ ಬಿಸಿ 88 ಡಿಗ್ರಿ, 780 ಆರ್‌ಪಿಎಂ, ವೇಗ ಸೊನ್ನೆ, ಲಾಂಗ್ ಟರ್ಮ್ ಪ್ಲಸ್ 23.4, ಶಾರ್ಟ್ ಟರ್ಮ್ ಪ್ಲಸ್ 7. ಬಿಸಿಯಾದ ಗಾಡಿ ಎಲ್ಲೋ ನಿಂತಾಗ ಬಿದ್ದ ಕೋಡ್. ಕೇಳಿದರೆ ಅಕ್ಕೋರಿಗೂ ನೆನಪಿತ್ತು. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದ ಮೇಲೆ ಎರಡೂ ಕಡೆಯ ಗಾಡಿ ಹೊಸ ಸೇತುವೆ ಮೇಲೇ ಹೋಗಬೇಕಲ್ಲ, ಅಲ್ಲಿ ಸದಾಶಿವಗಡದ ಬದಿ ಸಾಲಿನಲ್ಲಿ ಕಾಯುವಾಗಲೇ ದೀಪ ಹತ್ತಿದ್ದಂತೆ.

ಎಂಜಿನ್ ಬಿಸಿ ಮಾಡಿ ಲೈವ್ ಡಾಟಾ ನೋಡಿದೆ. ನಿಂತಲ್ಲಿ ಎರಡೂ ಟ್ರಿಮ್ ಕೂಡಿ ಪ್ಲಸ್ 28, 29. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದರೆ ಕೂಡಿ ಪ್ಲಸ್ 8ಕ್ಕೆ ಇಳಿಯಿತು. ಬಿಟ್ಟರೆ ಮತ್ತೆ ಏರಿತು.

ನಿಂತಲ್ಲಿ ಜಾಸ್ತಿ, ಓಡಿದರೆ ಕಡಿಮೆ. ಈ ಕೆಲಸ ಕಲಿತ ಯಾರನ್ನು ಕೇಳಿದರೂ ಒಂದೇ ಉತ್ತರ: ವ್ಯಾಕ್ಯೂಮ್ ಲೀಕ್. ಎಲ್ಲೋ ಪೈಪ್ ಬಿರಿದು ಕದ್ದು ಗಾಳಿ ಒಳಗೆ ಹೋಗುತ್ತಿದೆ. ನಿಂತಾಗ ಎಂಜಿನ್ ಕುಡಿಯುವ ಗಾಳಿಯೇ ಕಡಿಮೆ, ಅದರಲ್ಲಿ ಕದ್ದ ಗಾಳಿಯ ಪಾಲು ದೊಡ್ಡದು. ಓಡುವಾಗ ಒಟ್ಟು ಗಾಳಿ ಜಾಸ್ತಿ, ಆಗ ಆ ಪಾಲು ಲೆಕ್ಕಕ್ಕೆ ಬರುವುದಿಲ್ಲ. ಪೆಟ್ರೋಲ್ ಪಂಪ್ ಸೋತಿದ್ದರೆ ಇದು ತಿರುಗುಮುರುಗು ಆಗುತ್ತದೆ, ನಿಂತಲ್ಲಿ ಸರಿ ಇದ್ದು ಘಟ್ಟ ಹತ್ತುವಾಗ ಟ್ರಿಮ್ ಏರುತ್ತದೆ. ಹಾಗಾಗಿ ಏಳು ಸಾವಿರದ ಪಂಪ್ ಅಲ್ಲಿಗೇ ಪಟ್ಟಿಯಿಂದ ಹೋಯಿತು. ಸುಮ್ನೆ ಬಾಯಿ ಮಾತಿಗೆ ಬೇಡ ಅಂತ ಪೆಟ್ರೋಲಿನ ಒತ್ತಡ ಅಳೆಯುವ ಗೇಜ್ ಕೂಡ ಹಾಕಿದೆ, ಮೂರು ಬಾರ್ ಅಲ್ಲಾಡದೆ ನಿಂತಿತ್ತು.

ಮಧ್ಯಾಹ್ನದವರೆಗೆ ವ್ಯಾಕ್ಯೂಮ್ ಲೀಕ್ ಹುಡುಕಿದೆ. ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ ಪೈಪ್ (ಎಂಜಿನ್ನಿನ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವುದು), ಮ್ಯಾನಿಫೋಲ್ಡ್ ಪ್ಯಾಕಿಂಗ್, ಇಂಜೆಕ್ಟರಿನ ರಬ್ಬರ್ ರಿಂಗು, ಎಲ್ಲದರ ಸುತ್ತ ಕಾರ್ಬ್ ಕ್ಲೀನರ್ ಸ್ಪ್ರೇ ಬಿಟ್ಟು ಕಿವಿಗೊಟ್ಟು ಕೂತೆ. ಲೀಕ್ ಇದ್ದಲ್ಲಿ ಸ್ಪ್ರೇ ಒಳಗೆ ಎಳೆದುಕೊಂಡು ಎಂಜಿನ್ನಿನ ದನಿ ಬದಲಾಗಬೇಕು. ಬದಲಾಗಲಿಲ್ಲ. (ಬಿಸಿ ಎಂಜಿನ್ನಿನ ಮೇಲೆ ಇದನ್ನು ಮನೆಯಲ್ಲಿ ಪ್ರಯೋಗ ಮಾಡಬೇಡಿ, ಅದು ತಟ್ಟನೆ ಹೊತ್ತುತ್ತದೆ. ನನ್ನ ಬಲಗೈ ರೋಮ ಒಂದು ಸಲ ಹೋಗಿದೆ.) ಆಮೇಲೆ ನನ್ನ ಹೊಗೆ ಡಬ್ಬಿ ತೆಗೆದೆ. ಹಳೆ ಪೇಂಟ್ ಡಬ್ಬಿ, ಅದರೊಳಗೆ ಬೇಬಿ ಆಯಿಲ್, ಡೀಸೆಲ್ ಗಾಡಿಯ ಗ್ಲೋ ಪ್ಲಗ್ ಒಂದು, ಸೈಕಲ್ ಪಂಪಿನಷ್ಟು ಗಾಳಿ. ಮ್ಯಾನಿಫೋಲ್ಡಿಗೆ ಹೊಗೆ ತುಂಬಿ ಹತ್ತು ನಿಮಿಷ ಟಾರ್ಚ್ ಹಿಡಿದು ನೋಡಿದೆವು. ಒಂದು ಎಳೆ ಹೊಗೆ ಹೊರಗೆ ಬರಲಿಲ್ಲ. ನಮ್ಮ ಹುಡುಗ ಮಾತ್ರ ಕೆಮ್ಮಿದ.

ಊಟಕ್ಕೆ ಹೋಗಿ ಬಂಗಡೆ ಸಾರು ಉಂಡು ಬಂದ ಮೇಲೆ ತಲೆ ಸ್ವಲ್ಪ ತಣ್ಣಗಾಯಿತು. ಸ್ಕ್ಯಾನರಿನಲ್ಲಿ ನಾನು ನೋಡದೆ ಬಿಟ್ಟ ಒಂದು ಸಾಲು ಬೆಳಿಗ್ಗೆಯಿಂದ ಕಣ್ಣೆದುರೇ ಇತ್ತು. ಮ್ಯಾಪ್, 34 ಕಿಲೋಪ್ಯಾಸ್ಕಲ್.

ವ್ಯಾಕ್ಯೂಮ್ ಲೀಕಿನ ಆ ಪಾಠ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಗೆ ಸರಿ. ಅಲ್ಲಿ ಗಾಳಿಯನ್ನು ಬಾಗಿಲಲ್ಲೇ ಎಣಿಸುತ್ತಾರೆ, ಕಿಟಕಿಯಿಂದ ಬಂದಿದ್ದು ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಲೀನ್. ಹಿಂದಿನ ವರ್ಷ ಶಿರಸಿ ಕಡೆಯ ಒಂದು ಹಳೆ ಸೆಡಾನ್ ಹಾಗೇ ಬಂದಿತ್ತು. ಅಡಿಕೆ ಅಟ್ಟದ ಕೆಳಗೆ ನಿಲ್ಲಿಸುತ್ತಿದ್ದರು, ಏರ್ ಫಿಲ್ಟರಿನಿಂದ ಥ್ರಾಟಲಿಗೆ ಹೋಗುವ ರಬ್ಬರ್ ಪೈಪಿನ ಅಡಿಭಾಗವನ್ನು ಇಲಿ ಕಡಿದಿತ್ತು, ಹತ್ತು ನಿಮಿಷದ ಕೆಲಸ. ಆದರೆ ಮ್ಯಾಪ್ ಗಾಡಿಯಲ್ಲಿ ಕದ್ದು ಬಂದ ಗಾಳಿಯೂ ಮ್ಯಾನಿಫೋಲ್ಡಿನ ಒತ್ತಡವನ್ನು ಏರಿಸುತ್ತದೆ, ಸೆನ್ಸರ್ ಅದನ್ನೂ ಕಾಣುತ್ತದೆ, ಇಸಿಯು ಅದಕ್ಕೂ ಪೆಟ್ರೋಲ್ ಹಾಕುತ್ತದೆ. ಅಲ್ಲಿ ಲೀಕಿನ ಗುರುತು ಟ್ರಿಮ್ಮಿನಲ್ಲಲ್ಲ, ಏರಿದ ಐಡ್ಲಿಂಗಿನಲ್ಲಿ (ನಿಂತಲ್ಲಿ ಎಂಜಿನ್ ತಿರುಗುವ ವೇಗ) ಮತ್ತು ಏರಿದ ಮ್ಯಾಪಿನಲ್ಲಿ ಕಾಣುತ್ತದೆ. ಒಂದೇ ಸಿಲಿಂಡರಿನ ಬಾಯಿ ಹತ್ತಿರ ಸೋರಿದರೆ ಬೇರೆ ಮಾತು, ಅದಕ್ಕೆ ಹೊಗೆ ಬರಬೇಕಿತ್ತು, ಬರಲಿಲ್ಲ. ಇಲ್ಲಿ ಐಡ್ಲಿಂಗ್ 780, ಮ್ಯಾಪ್ 34. ಎರಡೂ ಆರೋಗ್ಯವಂತ ಎಂಜಿನ್ನಿನ ಅಂಕಿ. 28 ಶೇಕಡಾ ಕದ್ದ ಗಾಳಿ ಕುಡಿಯುವ ಎಂಜಿನ್ನಿನ ಅಂಕಿ ಇದಲ್ಲ.

ಮ್ಯಾಪ್ ಸೆನ್ಸರೇ ಸುಳ್ಳು ಹೇಳುತ್ತಿದ್ದರೆ? ಅದಕ್ಕೂ ಒಂದು ಸುಲಭ ಪರೀಕ್ಷೆ ಇದೆ. ಕೀ ಹಾಕಿ, ಎಂಜಿನ್ ಚಾಲೂ ಮಾಡಬೇಡಿ. ಆಗ ಮ್ಯಾನಿಫೋಲ್ಡಿನೊಳಗೆ ಇರುವುದು ಹೊರಗಿನ ಗಾಳಿಯ ಒತ್ತಡವೇ. ಕಡಲ ಮಟ್ಟದ ಕಾರವಾರದಲ್ಲಿ ಅದು ನೂರು, ನೂರೊಂದು ಕಿಲೋಪ್ಯಾಸ್ಕಲ್ ಇರಬೇಕು. 100 ತೋರಿಸಿತು. ಸೆನ್ಸರ್ ಪಾಸ್.

ಪ್ಲಗ್ ಬಿಚ್ಚಿದೆ. ಇದನ್ನು ಬೆಳಿಗ್ಗೆ ಮೊದಲೇ ಮಾಡಬೇಕಿತ್ತು, ಹೊಸ ಪ್ಲಗ್ ಅಂತ ಬಿಟ್ಟಿದ್ದೆ. ನಾಲ್ಕು ತಿಂಗಳೂ ತುಂಬದ ಪ್ಲಗ್, ತುದಿಗೆ ಒಣ ಕಪ್ಪು ಮಸಿ ಮೆತ್ತಿಕೊಂಡಿತ್ತು, ಒಲೆ ಮೇಲಿನ ಪಾತ್ರೆಯ ತಳದ ಹಾಗೆ. ಬೆರಳಿಗೆ ಹಚ್ಚಿದರೆ ಪುಡಿ ಪುಡಿ. ನಾಲ್ಕಕ್ಕೆ ನಾಲ್ಕೂ ಹಾಗೇ. ಲೀನ್ ಓಡಿದ ಪ್ಲಗ್ ಬಿಳಿಚಿಕೊಂಡಿರುತ್ತದೆ, ಬೂದಿ ಬಣ್ಣ. ಇದು ಪೆಟ್ರೋಲ್ ಕುಡಿದು ಕುಡಿದು ಹೊಟ್ಟೆ ತುಂಬಿದ ಎಂಜಿನ್. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ಮೂಸಿದೆ, ಆಯಿಲ್‌ನಲ್ಲೂ ಪೆಟ್ರೋಲ್ ವಾಸನೆ.

ಕೋಡ್ ಪ್ರಕಾರ ಪೆಟ್ರೋಲ್ ಕಡಿಮೆ. ಪ್ಲಗ್, ಆಯಿಲ್, ಎವರೇಜ್ ಮೂರೂ ಹೇಳುವುದು ಪೆಟ್ರೋಲ್ ಜಾಸ್ತಿ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ನಮ್ಮ ಹುಡುಗನಿಗೆ ಹೇಳಿದೆ. ಅದೂ ಸರಿಯಲ್ಲ ಅಂತ ಅರ್ಧ ಗಂಟೆಯಲ್ಲೇ ಗೊತ್ತಾಯಿತು, ಇಬ್ಬರೂ ನಿಜವನ್ನೇ ಹೇಳುತ್ತಿದ್ದರು.

ಮೊದಲು ಸೆನ್ಸರಿನ ಮೇಲೆ ಅನುಮಾನ ಪಟ್ಟೆ. ಹೊಸದಾದರೇನು, ಹೊಸ ಸಾಮಾನು ಕೆಟ್ಟಿದ್ದು ಎಷ್ಟು ನೋಡಿಲ್ಲ. ಈ ಥರದ ಸೆನ್ಸರ್ 0.1 ವೋಲ್ಟ್ ಕೊಟ್ಟರೆ ಲೀನ್, 0.9 ಕೊಟ್ಟರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ, ಆರೋಗ್ಯ ಇದ್ದರೆ ಎರಡರ ನಡುವೆ ಉಯ್ಯಾಲೆ ಆಡುತ್ತಿರುತ್ತದೆ. ಗಾಳಿ ಎಳೆಯುವ ಬಾಯಿಗೆ ಸ್ವಲ್ಪ ಸ್ಪ್ರೇ ಬಿಟ್ಟೆ, ತಟ್ಟನೆ 0.9. ಒಂದು ಇಂಜೆಕ್ಟರಿನ ಕನೆಕ್ಟರ್ ಕಿತ್ತೆ, ಆ ಸಿಲಿಂಡರಿನ ಗಾಳಿ ಸುಡದೆ ಹಾಗೇ ಹೊರಗೆ ಬಂತು, 0.1ಕ್ಕೆ ಬಿತ್ತು. ಸೆನ್ಸರ್ ಚುರುಕಾಗಿದೆ, ವೈರು ಸರಿ ಇದೆ. ಅಲ್ಲಿ ನಿಜವಾಗಲೂ ಆಕ್ಸಿಜನ್ ಇದೆ, ಅದಕ್ಕೇ ಇದೆ ಅನ್ನುತ್ತಿದೆ.

ಹಾಗಾದರೆ ಆ ಆಕ್ಸಿಜನ್ ಎಂಜಿನ್ನಿನ ಒಳಗಿಂದ ಬಂದಿದ್ದಲ್ಲ. ಎಂಜಿನ್ ದಾಟಿದ ಮೇಲೆ, ಸೆನ್ಸರಿಗೆ ಮುಂಚೆ, ನಡುವೆ ಎಲ್ಲೋ ಹೊರಗಿನಿಂದ ಸೇರಿಕೊಂಡಿದ್ದು.

ಆಗ ಹೊಲಿಗೆ ಮಷಿನ್ ನೆನಪಾಯಿತು.

ಸೈಲೆನ್ಸರ್ ಕಡೆಯ ಲೀಕ್ ಅಂದರೆ ಹೊಗೆ ಹೊರಗೆ ಹೋಗಬೇಕು, ಗಾಳಿ ಹೇಗೆ ಒಳಗೆ ಬರುತ್ತದೆ ಅಂತ ಅಕ್ಕೋರು ಆಮೇಲೆ ಕೇಳಿದರು, ಒಳ್ಳೆ ಪ್ರಶ್ನೆ. ಹೊಗೆ ನೀರಿನ ಹಾಗೆ ಒಂದೇ ಸಮ ಹರಿಯುವುದಿಲ್ಲ. ಒಂದೊಂದು ಸಿಲಿಂಡರ್ ಒಂದೊಂದು ಸಲ ಉಗುಳುತ್ತದೆ, ಕಡಲ ತೆರೆಯ ಹಾಗೆ. ತೆರೆ ಬಂದಾಗ ಒತ್ತಡ ಏರುತ್ತದೆ, ಹಿಂದೆ ಸರಿದಾಗ ಹೊರಗಿನ ಗಾಳಿಗಿಂತಲೂ ಕೆಳಗೆ ಇಳಿಯುತ್ತದೆ, ಆಗ ಬಿರುಕಿನಿಂದ ಗಾಳಿ ಒಳಗೆ ಎಳೆಯಲ್ಪಡುತ್ತದೆ. ನಿಂತಲ್ಲಿ ತೆರೆಗಳ ನಡುವೆ ಬಿಡುವು ಜಾಸ್ತಿ, ಎಳೆತವೂ ಜಾಸ್ತಿ. ಎಂಜಿನ್ ಜೋರಾದರೆ ತೆರೆ ಮೇಲೆ ತೆರೆ, ಬಿಡುವೇ ಇಲ್ಲ. ಅದಕ್ಕೇ ಟ್ರಿಮ್ ಥೇಟ್ ವ್ಯಾಕ್ಯೂಮ್ ಲೀಕಿನ ವೇಷ ಹಾಕಿಕೊಂಡು ಬರುತ್ತದೆ, ನಿಂತಲ್ಲಿ ಜಾಸ್ತಿ, ಓಡಿದರೆ ಕಡಿಮೆ. ತಣ್ಣಗಿದ್ದಾಗ ಬಿರುಕು ಅಗಲ, ಟಿಕ್ ಟಿಕ್ ಕೇಳುತ್ತದೆ. ಬಿಸಿಯಾದರೆ ಲೋಹ ಹಿಗ್ಗಿ ಶಬ್ದ ಅಡಗುತ್ತದೆ, ಆದರೆ ಸಂದು ಪೂರ್ತಿ ಮುಚ್ಚುವುದಿಲ್ಲ.

ಅಕ್ಕೋರಿಗೆ ನಾನು ಹೇಳಿದ್ದು ಅಡುಗೆಮನೆಯ ಲೆಕ್ಕದಲ್ಲಿ. ಸಾರಿಗೆ ಉಪ್ಪು ಸರಿ ಇದೆಯಾ ಅಂತ ಸೌಟಿನಲ್ಲಿ ತೆಗೆದು ರುಚಿ ನೋಡುತ್ತೀರಿ. ಆ ಸೌಟಿಗೆ ಯಾರೋ ಹಿಂದಿನಿಂದ ನೀರು ಸುರಿಯುತ್ತಿದ್ದಾರೆ. ನಿಮಗೆ ಪ್ರತಿ ಸಲವೂ ಸಪ್ಪೆ. ನೀವು ಪಾತ್ರೆಗೆ ಉಪ್ಪು ಹಾಕುತ್ತಲೇ ಹೋಗುತ್ತೀರಿ. "ಹೌದಾ, ಹಂಗಾರೆ ಸಾರು ಉಪ್ಪುಪ್ಪು, ಬಾಯಿಗೆ ಸಪ್ಪೆ" ಅಂದರು. ಅಷ್ಟೇ ವಿಷಯ.

ಬಿರುಕು ಹುಡುಕಲು ಗಾಡಿಯನ್ನು ರಾತ್ರಿ ಇಡೀ ತಣ್ಣಗಾಗಲು ಬಿಟ್ಟೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡದೆ, ಸೈಲೆನ್ಸರಿನ ಹಿಂದಿನ ಬಾಯಿಗೆ ಧೂಳು ಹೊಡೆಯುವ ಬ್ಲೋವರ್ ಇಟ್ಟು ಸುತ್ತ ಬಟ್ಟೆ ತುರುಕಿದೆ. ಒಳಗೆ ಗಾಳಿ ತುಂಬಿದ ಮೇಲೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಎಲ್ಲಾ ಜೋಡಣೆಗೂ ಸಿಂಪಡಿಸುತ್ತಾ ಬಂದೆ. ಹಿಂದಿನ ಫ್ಲಾಂಜ್, ಸರಿ. ಸೆನ್ಸರಿನ ಬುಡ, ಸರಿ. ಹೆಡ್ಡಿಗೆ ಸೇರುವ ಪ್ಯಾಕಿಂಗ್, ಸರಿ. ಉಳಿದದ್ದು ಹೊಗೆ ಹೊರಗೆ ಹೋಗುವ ಕಡೆಯ ಮ್ಯಾನಿಫೋಲ್ಡಿನ ಮೇಲೆ ಕೂತ ತಗಡಿನ ಹೀಟ್ ಶೀಲ್ಡ್. ಅದರ ಮೂರು ಬೋಲ್ಟಿನಲ್ಲಿ ಎರಡು ತುಕ್ಕು ಹಿಡಿದು ಉಂಡೆಯಾಗಿದ್ದವು. ಬಹುಶಃ ಹಿಂದಿನ ಇಬ್ಬರೂ ಅದನ್ನು ನೋಡಿಯೇ ಕೈ ಬಿಟ್ಟಿರಬೇಕು, ತಪ್ಪು ಅಂತ ಹೇಳಲಾರೆ, ಮುಟ್ಟಿದರೆ ಮುರಿಯುವ ಬೋಲ್ಟ್ ಅದು.

ಮುರಿದೇ ಹೋಯಿತು. ಶೀಲ್ಡ್ ಎತ್ತಿ ಸೋಪಿನ ನೀರು ಬಿಟ್ಟ ತಕ್ಷಣ, ನಾಲ್ಕು ಪೈಪು ಬಂದು ಒಂದಾಗುವ ಬೆಸುಗೆಯ ಕೆಳಗಡೆ, ಮರಳಲ್ಲಿ ಏಡಿ ಬಾಯಿಂದ ನೊರೆ ಬರುತ್ತದಲ್ಲ, ಹಾಗೆ ಸಣ್ಣ ಸಣ್ಣ ಗುಳ್ಳೆ ಸಾಲು ಎದ್ದವು. ತಂತಿ ಬ್ರಷ್ ಹಾಕಿ ತುಕ್ಕು ಕೆರೆದರೆ ಎರಡು ಇಂಚು ಉದ್ದದ ಕೂದಲೆಳೆ ಬಿರುಕು. ಸೆನ್ಸರ್ ಕೂತಿದ್ದು ಅಲ್ಲಿಂದ ಒಂದು ಗೇಣು ಕೆಳಗೆ. ಎಂಟು ವರ್ಷದ ಉಪ್ಪು ಗಾಳಿ, ದಿನಾ ಬಿಸಿ, ದಿನಾ ತಣ್ಣಗೆ. ಮಳೆಗಾಲದಲ್ಲಿ ಬಿಸಿ ಮ್ಯಾನಿಫೋಲ್ಡಿಗೆ ರಸ್ತೆಯ ನೀರು ಹಾರುವುದು ಬೇರೆ.

ರಿಪೇರಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಬೆವರು ಬಿಟ್ಟು ಇನ್ನೇನೂ ಇಲ್ಲ. ಈ ಮ್ಯಾನಿಫೋಲ್ಡ್ ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎರಡೂ ಒಂದೇ ತುಂಡು. ಹೊಸದಕ್ಕೆ ವಿಚಾರಿಸಿದರೆ ಮೂವತ್ತು ಸಾವಿರದ ಮೇಲೆ ಹೇಳಿದರು, ಹನ್ನೆರಡು ವರ್ಷದ ಗಾಡಿಗೆ ಯಾರು ಹಾಕುತ್ತಾರೆ. ಹೆಡ್ಡಿನ ಸ್ಟಡ್‌ಗಳಿಗೆ ಎರಡು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಕುಡಿಸಿದೆ, ಆದರೂ ಒಂದು ತುಂಡಾಯಿತು, ಅದನ್ನು ಕೊರೆದು ತೆಗೆಯಲು ಅರ್ಧ ದಿನ. ವೆಲ್ಡಿಂಗಿಗೆ ಬೈತಖೋಲ ಬಂದರಿನ ಹತ್ತಿರ ಬೋಟುಗಳ ಸ್ಟೀಲ್ ಕೆಲಸ ಮಾಡುವವರಲ್ಲಿಗೆ ಒಯ್ದೆ. ತೆಳು ಪೈಪಿಗೆ ಸಾದಾ ವೆಲ್ಡಿಂಗ್ ಹೊಡೆದರೆ ತೂತು ಬೀಳುತ್ತದೆ, ಬೆಸುಗೆ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ, ತೆಳು ಲೋಹಕ್ಕೆ ಹೊಂದುವ ಟಿಗ್ ವೆಲ್ಡಿಂಗೇ ಆಗಬೇಕು. ಅವರು ಬಿರುಕಿನ ಎರಡು ತುದಿಗೂ ಸಣ್ಣ ತೂತು ಕೊರೆದು, ಅದು ಮುಂದಕ್ಕೆ ಹೋಗದ ಹಾಗೆ ಮಾಡಿ, ಆಮೇಲೆ ಬೆಸೆದರು. ಹೊಸ ಪ್ಯಾಕಿಂಗ್, ಹೊಸ ಸ್ಟಡ್, ಪೆಟ್ರೋಲ್ ಬೆರೆತ ಆಯಿಲ್ ಚೆಲ್ಲಿ ಹೊಸ ಆಯಿಲ್, ಫಿಲ್ಟರ್. ಪ್ಲಗ್ ತೊಳೆದು ಅವನ್ನೇ ಹಾಕಿದೆ. ಎಲ್ಲಾ ಸೇರಿ 7,100. ಅರ್ಧ ದಿನದ ಹೊಗೆ ಆಟಕ್ಕೆ ಬಿಲ್ ಹಾಕಲಿಲ್ಲ, ಅದು ನನ್ನ ಪಾಲಿನ ಫೀಸು.

ಕೋಡ್ ಅಳಿಸಿ, ಟ್ರಿಮ್ ಸೊನ್ನೆ ಮಾಡಿ, ಸ್ಕ್ಯಾನರ್ ಹಾಕಿಕೊಂಡೇ ಅಕ್ಕೋರ ಜೊತೆ ಶಿರಸಿಗೆ ಹೊರಟೆ. ಅಂಕೋಲಾ ಬರುವಷ್ಟರಲ್ಲಿ ಲಾಂಗ್ ಟರ್ಮ್ ಪ್ಲಸ್ 3.9ಕ್ಕೆ ಬಂದು ಕೂತಿತು. ಕುಮಟಾದಲ್ಲಿ ಚಾ ಕುಡಿಯಲು ನಿಂತಾಗ ಐಡ್ಲಿಂಗಿನಲ್ಲಿ ಪ್ಲಸ್ 4.7. ದೇವಿಮನೆಯಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ತಳಕ್ಕೆ ಒತ್ತಿ ಅಂದೆ, ಅವರು ಹೆದರುತ್ತಲೇ ಒತ್ತಿದರು. ಸೆನ್ಸರ್ 0.85 ವೋಲ್ಟಿನಲ್ಲಿ ಗಟ್ಟಿಯಾಗಿ ನಿಂತಿತು. ಪೂರ್ತಿ ಭಾರದಲ್ಲೂ ಪೆಟ್ರೋಲ್ ಸಾಕಷ್ಟು ಬರುತ್ತಿದೆ, ಪಂಪಿಗೆ ಇನ್ನು ಯಾವ ಸಾಕ್ಷಿಯೂ ಬೇಡ. ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮನೆ ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಕೀ ಮಾತ್ರ ಹಾಕಿ ಮ್ಯಾಪ್ ನೋಡಿದೆ, 94. ಕಾರವಾರದ 100 ಅಲ್ಲಿ 94 ಆಗಲೇಬೇಕು. ಘಟ್ಟ ಹತ್ತಿಸಿ ಸೆನ್ಸರ್ ಪರೀಕ್ಷೆ ಮಾಡುವ ಭಾಗ್ಯ ಬಯಲುಸೀಮೆಯ ಮೆಕ್ಯಾನಿಕ್‌ಗಳಿಗೆ ಇಲ್ಲ.

ಇನ್ನು ಆ ಉಳಿದ ನಾಲ್ಕು, ಐದು ಪ್ಲಸ್. ಅದನ್ನೂ ಸೊನ್ನೆಗೆ ತರಬೇಕಾ ಅಂತ ಹುಡುಗ ಕೇಳಿದ. ಬೇಡ. ಅದು ಪೆಟ್ರೋಲಿನದ್ದು. ಬರೀ ಪೆಟ್ರೋಲ್ ಪೂರ್ತಿ ಸುಡಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಅಂದರೆ ಅಷ್ಟೇ ಗಾಳಿಗೆ ಎಥನಾಲ್ ಬೆರೆತ ಪೆಟ್ರೋಲ್ ಜಾಸ್ತಿ ಬೇಕು. ಹತ್ತು ಶೇಕಡಾ ಬೆರೆತ ಪೆಟ್ರೋಲಿನಿಂದ ಈಗಿನ ಇಪ್ಪತ್ತು ಶೇಕಡಾದ್ದಕ್ಕೆ ಬಂದರೆ ಸುಮಾರು ನಾಲ್ಕು ಶೇಕಡಾ ಜಾಸ್ತಿ. ಹಳೆ ಗಾಡಿಯ ಲೆಕ್ಕ ಹಳೆ ಪೆಟ್ರೋಲಿನದ್ದು, ಹಾಗಾಗಿ ಏನೂ ಕೆಡದಿದ್ದರೂ ಟ್ರಿಮ್ ಅಷ್ಟು ಮೇಲೆಯೇ ನಿಲ್ಲುತ್ತದೆ. ನನ್ನ ಅಂದಾಜು, ಆ ಬಿರುಕು ಹೋದ ವರ್ಷವೂ ಇತ್ತು, ಚಿಕ್ಕದಾಗಿ. ಟ್ರಿಮ್ ಹದಿನೆಂಟು, ಇಪ್ಪತ್ತರಲ್ಲಿ ದೀಪ ಹತ್ತದೆ ಕೂತಿದ್ದಿರಬೇಕು, ಹೊಸ ಪೆಟ್ರೋಲಿನ ನಾಲ್ಕು ಸೇರಿ ಗಡಿ ದಾಟಿತು. ಅದಕ್ಕೇ ಈಚೆಗೆ ಹಳೆ ಗಾಡಿಗಳಲ್ಲಿ ಪಿ0171 ಜಾಸ್ತಿ ಕಾಣುತ್ತಿದ್ದೇನೆ. ಬಂದವರೆಲ್ಲ ಪೆಟ್ರೋಲಿಗೇ ಬೈಯುತ್ತಾರೆ, ಆದರೆ ಪೆಟ್ರೋಲ್ ಒಂದೇ ದೀಪ ಹಚ್ಚುವುದಿಲ್ಲ, ಒಳಗೆ ಇನ್ನೊಂದು ಇದ್ದೇ ಇರುತ್ತದೆ.

ಒಂದು ಹೆದರಿಕೆ ಇತ್ತು. ತಿಂಗಳುಗಟ್ಟಲೆ ರಿಚ್ ಓಡಿದ ಗಾಡಿಯಲ್ಲಿ ಕನ್ವರ್ಟರ್ ಸುಟ್ಟುಹೋಗುವುದುಂಟು. ಹಿಂದಿನ ಸೆನ್ಸರ್ 0.7ರ ಹತ್ತಿರ ಅಲ್ಲಾಡದೆ ನಿಂತಿತ್ತು, ಅಂದರೆ ಕನ್ವರ್ಟರ್ ಇನ್ನೂ ಕೆಲಸ ಮಾಡುತ್ತಿದೆ. "ಮತ್ತೆ ಹೊಗೆ ತಪಾಸಣೆಯಲ್ಲಿ ಪಾಸ್ ಆಗಿತ್ತಲ್ಲ?" ಅಂತ ಅಕ್ಕೋರು ಕೇಳಿದರು. ಆಗಿಯೇ ಆಗುತ್ತದೆ. ಬಿರುಕಿನಿಂದ ಬಂದ ಗಾಳಿಯನ್ನೇ ಬಳಸಿಕೊಂಡು ಕನ್ವರ್ಟರ್ ಹೊಗೆಯನ್ನು ಸುಟ್ಟು ಹಾಕುತ್ತಿತ್ತು, ಹಿಂದಿನ ಬಾಯಲ್ಲಿ ಅಳೆದವರಿಗೆ ಏನೂ ಕಾಣುವಂತಿರಲಿಲ್ಲ.

ಮೂರು ವಾರ ಬಿಟ್ಟು ಫೋನ್ ಬಂತು. ಎವರೇಜ್ 15, ದೀಪ ಇಲ್ಲ, ಹೊಲಿಗೆ ಮಷಿನ್ನೂ ಇಲ್ಲ. ಆ ಆರುನೂರು ರೂಪಾಯಿಯ ಬಿಲ್ ಹಿಡಿದುಕೊಂಡು ಹಳೆ ಗ್ಯಾರೇಜಿಗೆ ಹೋಗಿ, ತೊಳೆದ ಸಾಮಾನು ಎಲ್ಲಿದೆ ಸ್ವಲ್ಪ ತೋರಿಸು ಅಂದರಂತೆ. ಅವರು ಬಾನೆಟ್ ಎತ್ತಿ ಬಹಳ ಹೊತ್ತು ಹುಡುಕಿದರಂತೆ.

ಬೆಸುಗೆ ಎಷ್ಟು ವರ್ಷ ಬಾಳುತ್ತದೆ ಅಂತ ನಾನು ಮಾತು ಕೊಟ್ಟಿಲ್ಲ. ಮುರಿದ ಬೋಲ್ಟಿನ ಬದಲು ಸ್ಟೇನ್‌ಲೆಸ್ ಬೋಲ್ಟ್ ಹಾಕಿದ್ದೇನೆ, ಮುಂದಿನ ಮಳೆಗಾಲ ಕಳೆದ ಮೇಲೆ ಶೀಲ್ಡ್ ಬಿಚ್ಚಿ ಸೋಪಿನ ನೀರು ಹಾಕಿ ನೋಡಬೇಕು ಅಂತ ಬಿಲ್ಲಿನ ಹಿಂದೆ ಬರೆದು ಕೊಟ್ಟಿದ್ದೇನೆ.